ಗಿಟಾರಿನ ಕತ್ತು: 70 ಕಿಲೋ ಎಳೆತ, ಕಾಲು ಮಿಲಿಮೀಟರ್ ಬಾಗು

ಶ್ರುತಿ ಮಾಡಿ ಮೂಲೆಯಲ್ಲಿ ನಿಲ್ಲಿಸಿದ ಅಕೌಸ್ಟಿಕ್ ಗಿಟಾರಿನ ಆರು ಉಕ್ಕಿನ ತಂತಿಗಳು ಒಟ್ಟು 70 ಕಿಲೋಗೂ ಮಿಕ್ಕ ಬಲದಿಂದ ಅದರ ಕತ್ತನ್ನು ಎಳೆಯುತ್ತಿರುತ್ತವೆ. ಒಂದೂವರೆ ಮೂಟೆ ಅಕ್ಕಿಯ ಭಾರ. ನುಡಿಸಿದರೂ ನುಡಿಸದಿದ್ದರೂ, ಹಗಲೂ ರಾತ್ರಿ, ವರ್ಷಗಟ್ಟಲೆ. ಅದನ್ನು ತಡೆದುಕೊಳ್ಳುವ ಕತ್ತು, ಅಂದರೆ ನುಡಿಸುವವರು ನೆಕ್ ಎನ್ನುವ ಉದ್ದನೆಯ ಭಾಗ, ಎಡಗೈ ಹಿಡಿಯುವ ಕಡೆ ಬರೀ 20ರಿಂದ 22 ಮಿಲಿಮೀಟರ್ ದಪ್ಪ. ಹೆಬ್ಬೆರಳು ಹಿಂದೆ ಊರಿ ಉಳಿದ ಬೆರಳುಗಳು ಮುಂದೆ ಸಲೀಸಾಗಿ ಓಡಾಡಬೇಕಾದ್ದರಿಂದ ಇದಕ್ಕಿಂತ ತೀರಾ ದಪ್ಪ ಮಾಡುವಂತಿಲ್ಲ. ಇಷ್ಟು ತೆಳ್ಳಗಿದ್ದೂ ಅದು ಬಾಗಬಾರದು. ಸರಿಯಾಗಿ ಹೇಳುವುದಾದರೆ, ಹೆಚ್ಚೆಂದರೆ ಕಾಲು ಮಿಲಿಮೀಟರಿನಷ್ಟು ಬಾಗಬೇಕು, ಅದನ್ನು ಮೀರಬಾರದು. ಮಿಡಿದ ತಂತಿ ನಡುವಿನಲ್ಲಿ ಅಗಲವಾಗಿ ಅದುರುತ್ತದೆ, ತುದಿಗಳಲ್ಲಿ ಕಡಿಮೆ. ಅದಕ್ಕೆ ಜಾಗ ಬಿಡುವಂತೆ ಕತ್ತಿನ ನಡುಭಾಗ ಕೂದಲೆಳೆಯಷ್ಟು ತಗ್ಗಿರಬೇಕು. ಇಲ್ಲವಾದರೆ ತಂತಿ ಫ್ರೆಟ್ಟುಗಳಿಗೆ, ಅಂದರೆ ಕತ್ತಿಗೆ ಅಡ್ಡಲಾಗಿ ಕೂರಿಸಿದ ಲೋಹದ ಮೆಟ್ಟುಗಳಿಗೆ, ತಾಗಿ ಝರ್ರೆನ್ನುತ್ತದೆ.

ಕೈಯಾರೆ ಗಿಟಾರ್ ಮಾಡಬೇಕೆಂಬ ಆಸೆ ಇರುವವರು ಕತ್ತಿನಿಂದಲೇ ಶುರು ಮಾಡಬೇಕು ಎನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ಒಡಲು ನಾದಕ್ಕೆ ಬಣ್ಣ ಕೊಡುತ್ತದೆ, ನಿಜ. ಆದರೆ ವಾದ್ಯ ಶ್ರುತಿಯಲ್ಲಿ ನುಡಿಯುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಕತ್ತಿನಲ್ಲೇ ತೀರ್ಮಾನವಾಗುತ್ತದೆ. ಬರೀ ಕತ್ತು ಮಾಡುವುದಕ್ಕೆ ದಾರಿಯೂ ಇದೆ. ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ ರೇಡಿಯೊ ರಿಪೇರಿ ಮಾಡಿಕೊಂಡಿದ್ದ ಲಿಯೊ ಫೆಂಡರ್ 1950ರಲ್ಲಿ ಹೊರತಂದ ಎಲೆಕ್ಟ್ರಿಕ್ ಗಿಟಾರಿನಲ್ಲಿ ಕತ್ತನ್ನು ಅಂಟಿಸಿರಲಿಲ್ಲ, ನಾಲ್ಕು ಸ್ಕ್ರೂಗಳಿಂದ ಒಡಲಿಗೆ ಬಿಗಿದಿದ್ದರು. ಕೆಟ್ಟರೆ ಬಿಚ್ಚಿ ಬೇರೆಯದು ಹಾಕಬಹುದು ಎಂಬ ಕಾರ್ಖಾನೆಯ ಲೆಕ್ಕಾಚಾರ ಅದು. ಅದೇ ಬಗೆಯ ಹಳೆಯ ಗಿಟಾರೊಂದು ಮನೆಯಲ್ಲಿದ್ದರೆ ಅದಕ್ಕೆ ಹೊಸ ಕತ್ತು ಮಾಡಿ ಕೂರಿಸಿ ನೋಡಬಹುದು.

ಮೊದಲು ಮರ. ಮೇಪಲ್ ಮತ್ತು ಮಹಾಗನಿ ಈ ಕೆಲಸಕ್ಕೆ ಹೆಸರಾದವು. ಜಾತಿಗಿಂತ ಮುಖ್ಯವಾದದ್ದು ಮರದ ಎಳೆ. ನಾರಿನ ಉದ್ದಕ್ಕೆ ಎಳೆದಾಗ ಮರ ತೋರುವ ಬಲ, ನಾರಿಗೆ ಅಡ್ಡಲಾಗಿ ಎಳೆದಾಗ ತೋರುವ ಬಲಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಹಾಗಾಗಿ ಎಳೆಗಳು ಹಲಗೆಯ ಈ ತುದಿಯಿಂದ ಆ ತುದಿಗೆ ಓರೆಯಾಗದೆ ಓಡಬೇಕು. ಗಂಟು ಇರಲೇಬಾರದು. ಇನ್ನೊಂದು ಗುಣವನ್ನು ಹಲಗೆಯ ಕೊನೆಯ ಮುಖದಲ್ಲಿ ನೋಡಬೇಕು: ಬೆಳವಣಿಗೆಯ ಉಂಗುರಗಳು ಅಲ್ಲಿ ನೆಟ್ಟಗೆ ನಿಂತ ಗೆರೆಗಳಂತೆ ಕಂಡರೆ ಆ ಹಲಗೆ ಹವೆಯ ತೇವಕ್ಕೆ ತಿರುಚಿಕೊಳ್ಳುವುದು ಕಡಿಮೆ. ಉಂಗುರದ ಗುಂಟ ಮರ ಹಿಗ್ಗಿ ಕುಗ್ಗುವುದು ಉಂಗುರಕ್ಕೆ ಅಡ್ಡಲಾಗಿ ಆಗುವುದಕ್ಕಿಂತ ಸುಮಾರು ಇಮ್ಮಡಿ ಇರುವುದೇ ಇದಕ್ಕೆ ಕಾರಣ.

ಬೆರಳು ಓಡಾಡುವ ಮೇಲ್ಪಟ್ಟಿ, ಅಂದರೆ ಫ್ರೆಟ್‌ಬೋರ್ಡ್, ಸಾಮಾನ್ಯವಾಗಿ 6 ಮಿಲಿಮೀಟರ್ ದಪ್ಪದ ಬೇರೆ ಹಲಗೆ. ಇಲ್ಲಿ ನಮ್ಮ ಬೀಟೆ ಮರ ಬರುತ್ತದೆ. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗದ ಕಾಡುಗಳಲ್ಲೂ ಕಾಫಿ ತೋಟಗಳಲ್ಲೂ ಬೆಳೆಯುವ, ಜಗತ್ತು ಇಂಡಿಯನ್ ರೋಸ್‌ವುಡ್ ಎಂದು ಕರೆಯುವ ಅದೇ ಮರ. ಅಮೆರಿಕದ ಮಾರ್ಟಿನ್ ಗಿಟಾರ್ ಕಂಪನಿ 1969ರಲ್ಲಿ ಬ್ರೆಜಿಲಿನ ರೋಸ್‌ವುಡ್ ಬಿಟ್ಟು ಇದಕ್ಕೆ ಹೊರಳಿತು. ಗಟ್ಟಿ, ಭಾರ, ಬೆರಳಿಗೆ ನುಣುಪು. ಒಣಗಿದ ಮೇಲೆ ಹಿಗ್ಗಿ ಕುಗ್ಗುವುದು ಕಡಿಮೆ. ಇಷ್ಟು ಒಳ್ಳೆಯದಾಗಿದ್ದದ್ದೇ ಮರಕ್ಕೆ ಮುಳುವಾಯಿತು. 2017ರ ಜನವರಿಯಿಂದ ಬೀಟೆಯ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಕಡಿವಾಣ ಬಿದ್ದಿದೆ. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಹಲಗೆಗೆ ಸಿಗಲಿಲ್ಲ. ನಮ್ಮಲ್ಲಿ ಬೀಟೆ ಕಡಿಯಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮೊದಲ ಸಲ ಮಾಡುವವರು ಹಳೆಯ ಮಂಚದ ಕಾಲು, ಮುರಿದ ಪೆಟ್ಟಿಗೆಯ ಹಲಗೆ ಹುಡುಕುವುದು ಒಳ್ಳೆಯದು. ದಶಕಗಳಿಂದ ಮನೆಯೊಳಗೇ ಒಣಗಿದ ಅಂಥ ಬೀಟೆಗಿಂತ ಸ್ಥಿರವಾದ ಮರ ಅಂಗಡಿಯಲ್ಲಿ ಸಿಗುವುದು ಕಷ್ಟ.

ಬಿರಡೆಗಳಿರುವ ತಲೆಭಾಗವನ್ನು ಅನೇಕ ಗಿಟಾರುಗಳಲ್ಲಿ ಹಿಂದಕ್ಕೆ ವಾಲಿಸಿರುತ್ತಾರೆ. ತಂತಿ ನಟ್ಟಿನ ಮೇಲೆ, ಅಂದರೆ ತಲೆಯ ಬುಡದಲ್ಲಿ ತಂತಿಗಳು ಹಾಯುವ ಸಣ್ಣ ಪಟ್ಟಿಯ ಮೇಲೆ, ಒತ್ತಿ ಕೂರಲಿ ಎಂಬುದು ಉದ್ದೇಶ. ಒಂದೇ ತೊಲೆಯಿಂದ ಈ ವಾಲಿಕೆಯನ್ನು ಕೊರೆದು ತೆಗೆದರೆ ತಲೆಯಲ್ಲಿ ಎಳೆಗಳು ಓರೆಯಾಗಿ ತುಂಡಾಗುತ್ತವೆ. ಬಿದ್ದಾಗ ಗಿಟಾರು ಮುರಿಯುವುದು ಹೆಚ್ಚಾಗಿ ಅಲ್ಲೇ. ಇದಕ್ಕೆ ಹಳೆಯ ಪರಿಹಾರ ಸೊಗಸಾಗಿದೆ. ಹಲಗೆಯನ್ನು 14 ಡಿಗ್ರಿಯ ಆಸುಪಾಸಿನಲ್ಲಿ ಓರೆಯಾಗಿ ಕೊಯ್ದು, ಬಂದ ತುಂಡನ್ನು ಮಗುಚಿ, ಅದರ ಚಪ್ಪಟೆ ಮುಖವನ್ನು ಇನ್ನೊಂದು ತುಂಡಿನ ಓರೆಮುಖಕ್ಕೆ ಕೂಡಿಸಿ ಅಂಟಿಸುವುದು. ತಲೆ ತಾನಾಗಿ ವಾಲುತ್ತದೆ, ಎಳೆಗಳೂ ಅದರ ಉದ್ದಕ್ಕೇ ಓಡುತ್ತವೆ, ಮರವೂ ಉಳಿಯುತ್ತದೆ. ಕೈ ಗರಗಸ, ಕೀಸುಳಿ, ಎರಡು ಕ್ಲ್ಯಾಂಪ್ ಇದ್ದರೆ ಸಾಕು.

ಮರ ಎಷ್ಟೇ ಚೆನ್ನಾಗಿದ್ದರೂ ಸತತ ಎಳೆತಕ್ಕೆ ವರ್ಷಗಳಲ್ಲಿ ನಿಧಾನವಾಗಿ ಮಣಿಯುತ್ತದೆ. ಗಿಬ್ಸನ್ ಗಿಟಾರ್ ಕಂಪನಿಯಲ್ಲಿದ್ದ ಥ್ಯಾಡಿಯಸ್ ಮೆಕ್‌ಹ್ಯೂ ಕತ್ತಿನೊಳಗೆ ಒಂದು ಉಕ್ಕಿನ ಸರಳು ಹುದುಗಿಸುವ ಉಪಾಯಕ್ಕೆ 1923ರಲ್ಲಿ ಪೇಟೆಂಟ್ ಪಡೆದರು. ಅದೇ ಟ್ರಸ್ ರಾಡ್. ಇಂದು ಬಳಕೆಯಲ್ಲಿರುವ ಒಂಟಿ ಸರಳಿನ ಬಗೆಯಲ್ಲಿ ಗಾಲೆಯನ್ನು, ಅಂದರೆ ಸರಳು ಕೂರುವ ತೋಡನ್ನು, ಬಾಗಿಸಿ ಕೊರೆಯುತ್ತಾರೆ; ಸರಳಿನ ನಡುಭಾಗ ಕತ್ತಿನ ಬೆನ್ನಿನ ಕಡೆಗಿರುತ್ತದೆ. ಸರಳಿನ ತುದಿಯ ತಿರುಪು ನಟ್ಟನ್ನು ತಿರುಗಿಸಿ ಬಿಗಿದಾಗ ಬಾಗಿದ ಸರಳು ನೆಟ್ಟಗಾಗಲು ಹವಣಿಸುತ್ತದೆ. ಹಾಗೆ ಹವಣಿಸುವಾಗ ಅದರ ನಡು ಮರವನ್ನು ತಂತಿಗಳ ಕಡೆ ನೂಕುತ್ತದೆ. ತಂತಿ ಬಾಗಿಸಿದ ದಿಕ್ಕಿಗೆ ಸರಿ ವಿರುದ್ಧ. ಎರಡು ಬಲಗಳು ಮರದೊಳಗೆ ಸರಿದೂಗಿ ಆ ಕಾಲು ಮಿಲಿಮೀಟರಿನ ಹತ್ತಿರ ನಿಲ್ಲುತ್ತವೆ. ಮೇಪಲ್ ಗಟ್ಟಿ ಮರ, ಅದಕ್ಕೆ ಸರಳು ಬೇಡ ಎಂದುಕೊಂಡಿದ್ದ ಫೆಂಡರ್ ಕೂಡ ಬಹುಬೇಗ ಸರಳು ಹಾಕತೊಡಗಿದರು. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನಲ್ಲಿ ಎಳೆತ ಸುಮಾರು 40 ಕಿಲೋ ಮಾತ್ರ, ಕತ್ತೂ ಅಗಲ. ಅಲ್ಲಿ ಸಾಂಪ್ರದಾಯಿಕವಾಗಿ ಸರಳು ಇರುವುದಿಲ್ಲ.

ಮೊದಲ ಸಲದವರಿಗೆ ಎರಡೂ ದಿಕ್ಕಿಗೆ ಕೆಲಸ ಮಾಡುವ ಜೋಡಿ ಸರಳು ಅನುಕೂಲ, ಏಕೆಂದರೆ ಅದಕ್ಕೆ ನೇರ ಗಾಲೆ ಸಾಕು. ಗಾಲೆ ಕೊರೆಯುವ ಮುನ್ನ ಒಂದು ಕೂಡು-ಕಳೆ ಲೆಕ್ಕವನ್ನು ಹಲಗೆಯ ಮೇಲೇ ಬರೆದಿಟ್ಟುಕೊಳ್ಳಬೇಕು. ಕತ್ತಿನ ಒಟ್ಟು ದಪ್ಪ 20, ಫ್ರೆಟ್‌ಬೋರ್ಡ್ 6, ಉಳಿಯಿತು 14. ಗಾಲೆಯ ಆಳ 9.5. ಬೆನ್ನಿನಲ್ಲಿ ಉಳಿಯುವ ಮರ 4.5 ಮಿಲಿಮೀಟರ್. ಮುಂದೆ ಅರ ಹಿಡಿದು ಬೆನ್ನನ್ನು ಗುಂಡಗೆ ಮಾಡುವಾಗ ಇನ್ನೊಂದಿಷ್ಟು ತೆಗೆಯೋಣ ಅನಿಸುವ ಪ್ರತಿ ಸಲವೂ ಈ ಸಂಖ್ಯೆಯ ಕಡೆ ಕಣ್ಣು ಹಾಯಬೇಕು.

ಈಗ ಫ್ರೆಟ್ಟುಗಳ ಲೆಕ್ಕ, ಈ ಕೆಲಸದಲ್ಲಿ ನನಗೆ ಬಹಳ ಪ್ರಿಯವಾದ ಭಾಗ. ತಂತಿಯ ಉದ್ದ ಅರ್ಧವಾದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಆ ಸ್ಥಾಯಿಯನ್ನು ಹನ್ನೆರಡು ಸಮ ಮೆಟ್ಟಿಲು ಮಾಡಬೇಕಾದರೆ ಪ್ರತಿ ಮೆಟ್ಟಿಲಿಗೂ ಉದ್ದ ಒಂದೇ ಅನುಪಾತದಲ್ಲಿ ಕುಗ್ಗಬೇಕು. ಹನ್ನೆರಡು ಸಲ ಗುಣಿಸಿದರೆ 2 ಬರುವ ಆ ಸಂಖ್ಯೆ 1.05946. ಲೆಕ್ಕಕ್ಕೆ ಕೂತರೆ ಇದು ಸುಲಭವಾದ ಭಾಗಾಕಾರ: ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ನಟ್ಟಿನಿಂದ ಮೊದಲ ಫ್ರೆಟ್ಟಿನ ದೂರ. ಫೆಂಡರಿನ ಅಳತೆ 648 ಮಿಲಿಮೀಟರ್ ಎಂದಿಟ್ಟುಕೊಂಡರೆ ಅದು 36.37. ಉಳಿದ 611.63ನ್ನು ಮತ್ತೆ ಭಾಗಿಸಿದರೆ ಮುಂದಿನ ಅಂತರ 34.33. ಹೀಗೆ ಕಿರಿದಾಗುತ್ತ ಹೋಗಿ ಹನ್ನೊಂದರಿಂದ ಹನ್ನೆರಡನೆಯದಕ್ಕೆ 19.27. ಹನ್ನೆರಡನೆಯದು ಸರಿಯಾಗಿ 324ರಲ್ಲಿ, ಅಂದರೆ ನಟ್ಟನಡುವೆ ಬೀಳುತ್ತದೆ.

ಗೆಲಿಲಿಯೊನ ತಂದೆ ವಿಂಚೆಂಜೊ ಗೆಲಿಲಿ ಲ್ಯೂಟ್ ವಾದಕ. 1581ರ ತನ್ನ ಗ್ರಂಥದಲ್ಲಿ ಆತ 18ರಿಂದ ಭಾಗಿಸುವ ಕ್ರಮ ಹೇಳಿದ. ಬಾಯಿಲೆಕ್ಕಕ್ಕೆ ಒಗ್ಗುವ ಈ ಸೂತ್ರವನ್ನು ವಾದ್ಯ ಮಾಡುವವರು ಬಹುಕಾಲ ನೆಚ್ಚಿಕೊಂಡರು. ಆದರೆ 648ರ ಮೇಲೆ ಹನ್ನೆರಡು ಸಲ ಪ್ರಯೋಗಿಸಿದರೆ ಸುಮಾರು 2.4 ಮಿಲಿಮೀಟರ್ ಕೊರತೆ ಬೀಳುತ್ತದೆ. ತಂತಿಯನ್ನು ಒತ್ತಿದಾಗ ಅದು ಹಿಗ್ಗಿ ಸ್ವರ ತುಸು ಏರುವುದರಿಂದ ಈ ಕೊರತೆ ಸ್ವಲ್ಪ ಮಟ್ಟಿಗೆ ಮುಚ್ಚಿಹೋಗುತ್ತಿತ್ತು. ನಿಖರ ಸಂಖ್ಯೆಯನ್ನು ಚೀನಾದ ಮಿಂಗ್ ರಾಜಮನೆತನದ ಝು ಝೈಯು 1584ರಲ್ಲೇ ಲೆಕ್ಕ ಹಾಕಿ ಪ್ರಕಟಿಸಿದ್ದ.

ಮೈಸೂರಿನ ವೀಣೆಯಲ್ಲಿ ಇದೇ ಸಮಸ್ಯೆಗೆ ಬೇರೆಯೇ ಉತ್ತರವಿದೆ. ಅಲ್ಲಿ 24 ಮೆಟ್ಟುಗಳನ್ನು ಮೇಣದ ಮೇಲೆ ಕೂರಿಸುತ್ತಾರೆ. ಕುಶಲಕರ್ಮಿ ತಂತಿ ಮೀಟುತ್ತ, ಕಿವಿಗೊಟ್ಟು, ಮೆಟ್ಟನ್ನು ಹಿಂದೆಮುಂದೆ ಸರಿಸಿ ಸ್ಥಾನ ಹಿಡಿಯುತ್ತಾನೆ. ಮೇಣ ಸಡಿಲವಾದರೆ ಮತ್ತೆ ಮೇಳ ಕಟ್ಟಬಹುದು. ಗಿಟಾರಿನಲ್ಲಿ ಆ ಅವಕಾಶವಿಲ್ಲ. ಸುಮಾರು 0.6 ಮಿಲಿಮೀಟರ್ ಅಗಲದ ಗೀರನ್ನು ಗರಗಸದಿಂದ ಒಮ್ಮೆ ಕೊಯ್ದರೆ ಮುಗಿಯಿತು. ಒಂದು ಸ್ವರಸ್ಥಾನದಿಂದ ಮುಂದಿನದರ ಅಂತರವನ್ನು ನೂರು ಪಾಲು ಮಾಡಿದರೆ ಒಂದು ಪಾಲಿಗೆ ಸೆಂಟ್ ಎನ್ನುತ್ತಾರೆ. ಹನ್ನೆರಡನೆಯ ಫ್ರೆಟ್ಟಿನ ಬಳಿ ಒಂದು ಮಿಲಿಮೀಟರ್ ತಪ್ಪಿದರೆ ಸ್ವರ ಐದು ಸೆಂಟಿಗೂ ಹೆಚ್ಚು ಸರಿಯುತ್ತದೆ. ಪಳಗಿದ ಕಿವಿ ಅದನ್ನು ಹಿಡಿಯುತ್ತದೆ. ಆದ್ದರಿಂದ ಪ್ರತಿ ಗುರುತನ್ನೂ ನಟ್ಟಿನಿಂದಲೇ ಅಳೆಯಬೇಕು. ಒಂದು ಫ್ರೆಟ್ಟಿನಿಂದ ಮುಂದಿನದಕ್ಕೆ ಅಳೆಯುತ್ತ ಹೋದರೆ ತಲಾ 0.2 ಮಿಲಿಮೀಟರಿನ ಸಣ್ಣ ತಪ್ಪು ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ 2.4 ಆಗಿ ಬೆಳೆದಿರಬಹುದು. ಗುರುತಿಗೆ ಪೆನ್ಸಿಲ್ ಬೇಡ, ಅದರ ಗೆರೆಯೇ ದಪ್ಪ. ಹರಿತವಾದ ಚಾಕುವಿನ ಗೀರಿನಲ್ಲಿ ಗರಗಸದ ಹಲ್ಲು ತಾನಾಗಿ ಕೂರುತ್ತದೆ.

ಫ್ರೆಟ್‌ಬೋರ್ಡ್ ಅಂಟಿಸುವಾಗ ಗಮನಿಸಬೇಕಾದ್ದು ಅಂಟಿನೊಳಗಿನ ನೀರು. ಬಡಗಿಗಳು ಬಳಸುವ ಬಿಳಿ ಅಂಟಿನ ನೀರನ್ನು ಹೀರಿ ಎರಡೂ ಹಲಗೆಗಳ ಕೂಡುಮುಖ ಊದುತ್ತದೆ, ಕತ್ತು ಬಾಗಿ ನಿಲ್ಲುತ್ತದೆ. ಅಂಟು ತೆಳುವಾಗಿರಲಿ, ಕ್ಲ್ಯಾಂಪ್ ಬಿಚ್ಚಿದ ಮೇಲೂ ಕೆಲವು ದಿನ ಕೈ ಹಚ್ಚದೆ ಬಿಡಬೇಕು. ಬೀಟೆಯಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಚ್ಚುವ ಮುಂಚೆ ಮೇಲ್ಮೈಯನ್ನು ಸ್ಪಿರಿಟ್ಟಿನಿಂದ ಒರೆಸುವುದು ವಾಡಿಕೆ.

ಬೆನ್ನಿನ ಕೆತ್ತನೆಗೆ ಕಣ್ಣಿಗಿಂತ ಅಂಗೈ ಒಳ್ಳೆಯ ಅಳತೆಗೋಲು. ಇಲ್ಲೂ ಒಂದು ಸಂಖ್ಯೆ ಮನಸ್ಸಿನಲ್ಲಿರಬೇಕು: ಪಟ್ಟಿಯೊಂದರ ಬಿಗುಪು ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 22 ಮಿಲಿಮೀಟರಿನ ಕತ್ತು 20ರದ್ದಕ್ಕಿಂತ ಸುಮಾರು ಮೂರನೇ ಒಂದು ಪಾಲು ಹೆಚ್ಚು ಬಿಗುವಾಗಿರುತ್ತದೆ. ಮೊದಲ ಕತ್ತು ತುಸು ದಪ್ಪವಾಗಿಯೇ ಇರಲಿ ಎಂದು ನಾನು ಹೇಳುವುದು ಅದಕ್ಕೇ. ಉಪ್ಪುಕಾಗದದಿಂದ ಯಾವಾಗ ಬೇಕಾದರೂ ಇಳಿಸಬಹುದು.

ಫ್ರೆಟ್ ತಂತಿ ತಾಮ್ರ, ಸತು, ನಿಕ್ಕಲ್ ಬೆರೆಸಿದ ಲೋಹ. ಅದನ್ನು ಅಡ್ಡ ಕೊಯ್ದು ನೋಡಿದರೆ ಮೇಲೆ ಗುಂಡು ತಲೆ, ಕೆಳಗೆ ಸಣ್ಣ ಮುಳ್ಳುಗಳಿರುವ ತೆಳು ಕಾಲು. ಆ ಕಾಲು ಗೀರಿಗಿಳಿದು ಮುಳ್ಳುಗಳು ಮರವನ್ನು ಕಚ್ಚಿಕೊಳ್ಳುತ್ತವೆ. ಸುತ್ತಿಗೆಯಿಂದ ಮೊದಲು ಎರಡು ಅಂಚು, ಆಮೇಲೆ ನಡು. ಪೂರಾ ಕೂತಾಗ ಪೆಟ್ಟಿನ ಸದ್ದು ಟೊಳ್ಳಿನಿಂದ ಗಟ್ಟಿಗೆ ತಿರುಗುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಗೀರುಗಳು ತೀರಾ ಬಿಗಿಯಾಗಿದ್ದರೆ 22 ಫ್ರೆಟ್ಟುಗಳ ಕಾಲುಗಳೂ ಬೆಣೆಗಳಾಗಿ ಇಡೀ ಕತ್ತನ್ನೇ ಹಿಂದಕ್ಕೆ ಬಾಗಿಸುತ್ತವೆ. ಬಳಿಕ ಎಲ್ಲ ಫ್ರೆಟ್ಟುಗಳ ನೆತ್ತಿಗೂ ಮಾರ್ಕರ್ ಮಸಿ ಬಳಿದು, ಉದ್ದನೆಯ ಚಪ್ಪಟೆ ಅರವನ್ನು ಹಗುರವಾಗಿ ಎಳೆದರೆ ಎತ್ತರವಿದ್ದ ಕಡೆ ಮಸಿ ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಎಲ್ಲೆಡೆ ಸಮನಾಗಿ ಅಳಿಸಿದಾಗ ಮಟ್ಟ ಬಂದಂತೆ. ಇದರಿಂದ ಚಪ್ಪಟೆಯಾದ ನೆತ್ತಿಗಳನ್ನು ಮತ್ತೆ ಗುಂಡಗೆ ಮಾಡಲೇಬೇಕು. ಇಲ್ಲವಾದರೆ ತಂತಿ ಫ್ರೆಟ್ಟಿನ ನಡುವಿನಿಂದ ಹೊರಡದೆ ಅಂಚಿನಿಂದ ಹೊರಡುತ್ತದೆ. ಅಷ್ಟು ಜತನದಿಂದ ಅಳೆದ ಮಿಲಿಮೀಟರು ಅಲ್ಲಿ ಕೈತಪ್ಪುತ್ತದೆ.

ತಂತಿ ಏರಿಸಿದ ಮೇಲೆ ಕತ್ತು ಕೆಲವು ದಿನ ಹೊಂದಿಕೊಳ್ಳುತ್ತದೆ. ಮೊದಲ ಮತ್ತು ಕೊನೆಯ ಫ್ರೆಟ್ಟಿನಲ್ಲಿ ತಂತಿಯನ್ನು ಒತ್ತಿ ಹಿಡಿದು ನಡುವಿನ ಸಂದು ನೋಡಿ, ಟ್ರಸ್ ರಾಡಿನ ನಟ್ಟನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಮಾರನೆಯ ದಿನ ಮತ್ತೆ ನೋಡಬೇಕು. ಆಮೇಲೆ ಬ್ರಿಡ್ಜಿನಲ್ಲಿ ತಂತಿ ಕೂರುವ ಬಿಂದುವನ್ನು ಲೆಕ್ಕದ 648ಕ್ಕಿಂತ ಒಂದೆರಡು ಮಿಲಿಮೀಟರ್ ಹಿಂದೆ ಸರಿಸಬೇಕು, ದಪ್ಪ ತಂತಿಗೆ ಇನ್ನೂ ಹೆಚ್ಚು. ಒತ್ತಿದಾಗ ಏರುವ ಶ್ರುತಿಗೆ ಪರಿಹಾರ ಅದು. ಚಳಿಗಾಲ ಕಳೆದು ಒಣಹವೆ ಬಂದಾಗ ಹೊಸ ಕತ್ತಿನ ಅಂಚಿಗೆ ಕೈ ಸವರಿದರೆ ಫ್ರೆಟ್ಟಿನ ತುದಿಗಳು ಚುಚ್ಚಬಹುದು. ಮರದ ಅಗಲ ಕುಗ್ಗಿದೆ, ಲೋಹ ಕುಗ್ಗಿಲ್ಲ. ಸಣ್ಣ ಅರದಿಂದ ಆ ತುದಿಗಳನ್ನು ಸವರಿ ಮಟ್ಟ ಮಾಡಿದರಾಯಿತು. ಮರ ಪೂರ್ತಿ ಹದಕ್ಕೆ ಬಂದ ಮೇಲೆ ಆ ಕೆಲಸ ಮತ್ತೆ ಬೀಳುವುದು ಅಪರೂಪ.