ಊರಿನ ಮೊದಲ ರಸೀದಿ

ಪಾಣೆಮಂಗಳೂರಿನಿಂದ ನೇತ್ರಾವತಿ ದಾಟಿದರೆ ಬಿ.ಸಿ. ರೋಡು, ಬಂಟ್ವಾಳ ತಾಲೂಕಿನ ಕಚೇರಿಗಳ ಊರು. ಸೋರುವ ಮಾಡು, ಮುರಿದ ಬೆಂಚು, ಬಾರದ ಶಿಕ್ಷಕರು ಎಂದು ಮನವಿ ಹಿಡಿದು ಇತ್ತ ಬರುವ ಸರಕಾರಿ ಶಾಲೆಗಳವರಿಗೆ ಕೊರತೆಯ ಪಟ್ಟಿ ಬಾಯಿಪಾಠ. ಆ ಕೊರತೆ ನೀಗುವ ಹಣ ಎಲ್ಲಿದೆ, ಅದು ಯಾವ ದಾರಿಯಲ್ಲಿ ಬರುತ್ತದೆ ಎಂಬುದನ್ನು ಅವರಿಗೆ ಕೂರಿಸಿ ಹೇಳುವವರು ಕಡಿಮೆ.

ಸರಕಾರದ ದಾರಿ ಎಲ್ಲರಿಗೂ ಗೊತ್ತಿರುವುದು. ಸಮಗ್ರ ಶಿಕ್ಷಾ ಯೋಜನೆಯ ವಾರ್ಷಿಕ ಶಾಲಾ ಅನುದಾನಕ್ಕೆ ಮಕ್ಕಳ ತಲೆಯೆಣಿಕೆಯೇ ಆಧಾರ. ಯೋಜನೆಯ ಮಾನದಂಡದಂತೆ 30ರವರೆಗೆ ಮಕ್ಕಳಿದ್ದರೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000. ಮಕ್ಕಳು ಕಡಿಮೆಯಾದರೆ ಹಣ ಕಡಿಮೆ. ಆದರೆ ಮಾಡಿನ ಹಂಚು ಕಡಿಮೆಯಾಗುವುದಿಲ್ಲ. ಸೊರಗಿದ ಶಾಲೆ ಇನ್ನಷ್ಟು ಸೊರಗುವುದು ಇಲ್ಲೇ.

ಈ ಸುಳಿಯಿಂದ ಮೇಲೆದ್ದ ಶಾಲೆ ಇದೇ ತಾಲೂಕಿನಲ್ಲಿದೆ. ದಡ್ಡಲಕಾಡಿನ ಸರಕಾರಿ ಶಾಲೆಯ ಮಕ್ಕಳ ಸಂಖ್ಯೆ ಮೂವತ್ತರೊಳಗೆ ಇಳಿದು, ಬಾಗಿಲು ಮುಚ್ಚುವ ಮಾತು ಬಂದಿತ್ತು. ಆಗ ಶಾಲೆಯನ್ನು ದತ್ತು ಪಡೆದದ್ದು ಪ್ರಕಾಶ್ ಅಂಚನ್ ಮುಂದಾಳತ್ವದ ಕರೆಂಕಿಯ ಶ್ರೀ ದುರ್ಗಾ ಫ್ರೆಂಡ್ಸ್ ಕ್ಲಬ್. ದೊಡ್ಡ ಕಂಪನಿಯೂ ಅಲ್ಲ, ವಿದೇಶಿ ದಾನಿಯೂ ಅಲ್ಲ, ಊರಿನ ಯುವಕರ ಸಂಘ. ಇಂಗ್ಲಿಷ್ ಕಲಿಕೆ ಬಂತು, ಮಕ್ಕಳನ್ನು ಕರೆತರಲು ವಾಹನ ಬಂತು, ಹೊಸ ಕಟ್ಟಡ ಎದ್ದಿತು. ಕೆಲವೇ ವರ್ಷಗಳಲ್ಲಿ ಹಾಜರಿ ಪುಸ್ತಕದ ಹೆಸರುಗಳು ಹಲವು ನೂರಕ್ಕೆ ಏರಿದವು.

ನೇತ್ರಾವತಿಯ ಇನ್ನಷ್ಟು ಕೆಳಗೆ, ಹರೇಕಳದ ಕಥೆಯೂ ಊರೇ ಮೊದಲು ಮುಂದಾದ ಕಥೆ. ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರಿದ ಹಾಜಬ್ಬರು ಅಲ್ಲಿನ ನ್ಯೂಪಡ್ಪುವಿನ ಶಾಲೆಗೆ ಮೊದಲು ಹಾಕಿದ್ದು ತಮ್ಮ ದುಡಿಮೆಯ ಉಳಿತಾಯ. ಆಮೇಲೆ ಕಚೇರಿಗಳು ಸ್ಪಂದಿಸಿದವು, ದಾನಿಗಳು ಬಂದರು. ಪ್ರಶಸ್ತಿಗಳ ಜೊತೆ ಸಿಕ್ಕ ಹಣವನ್ನೂ ಅವರು ಶಾಲೆಗೇ ಕೊಟ್ಟರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಊರು ತನ್ನ ಕೈಯಿಂದ ಏನು ಹಾಕಿದೆ ಎಂದು ಕೊಡುವವರು ಮೊದಲು ನೋಡುತ್ತಾರೆ.

ಹತ್ತಿರದ ಇನ್ನೊಂದು ಆಸರೆ ಬೆಳ್ತಂಗಡಿಯಲ್ಲಿದೆ. 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ, ಜ್ಞಾನದೀಪ ಕಾರ್ಯಕ್ರಮದಡಿ ಶಿಕ್ಷಕರ ಕೊರತೆಯಿರುವ ಶಾಲೆಗಳಿಗೆ ಗೌರವ ಶಿಕ್ಷಕರನ್ನು ಒದಗಿಸುತ್ತದೆ, ಬೆಂಚು-ಡೆಸ್ಕುಗಳನ್ನೂ ಕೊಡುತ್ತದೆ. ಊರಾಚೆಯ ದಾರಿಗಳೂ ಇವೆ. ಆರರಿಂದ ಹನ್ನೆರಡನೇ ತರಗತಿಯ ಮಕ್ಕಳ ವಿಜ್ಞಾನದ ಕೈಕೆಲಸಕ್ಕಾಗಿ ಕೇಂದ್ರ ಸರಕಾರ 2016ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಲ್ಯಾಬ್‌ಗೆ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನವಿದೆ. ಹಣದ ಬದಲು ಸಮಯ, ಪುಸ್ತಕ, ಉಪಕರಣ ಕೊಡಬಯಸುವವರನ್ನು ಶಾಲೆಗೆ ಜೋಡಿಸಲು ಕೇಂದ್ರ ಸರಕಾರದ ವಿದ್ಯಾಂಜಲಿ ಜಾಲತಾಣ ಇದೆ.

ದೊಡ್ಡ ಮೊತ್ತ ಇರುವುದು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯಲ್ಲಿ, ಅಂದರೆ ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ 500 ಕೋಟಿ ನಿವ್ವಳ ಆಸ್ತಿ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿಯೂ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕು. ಶಿಕ್ಷಣಕ್ಕೂ ಅದರಲ್ಲಿ ಪಾಲಿದೆ.

ಆದರೆ ಈ ಬಾಗಿಲಲ್ಲಿ ಕಾಗದ ಕೇಳುತ್ತಾರೆ. ಕಂಪನಿಯೇ ನೇರವಾಗಿ ಶಾಲೆಯ ಕೆಲಸ ಮಾಡಿಸಬಹುದು. ಹಾಗಲ್ಲದೆ ಹಳೆ ವಿದ್ಯಾರ್ಥಿ ಸಂಘದ ಮೂಲಕ ಹಣ ಬರಬೇಕಾದರೆ, ಆ ಸಂಘ ನೋಂದಣಿಯಾಗಿರಬೇಕು, ಆದಾಯ ತೆರಿಗೆ ಇಲಾಖೆಯ 12ಎ, 80ಜಿ ಮಾನ್ಯತೆ ಇರಬೇಕು, ಸಿಎಸ್‌ಆರ್-1 ನಮೂನೆ ಸಲ್ಲಿಸಿರಬೇಕು, ಅಂಥದೇ ಕೆಲಸದಲ್ಲಿ ಮೂರು ವರ್ಷದ ಅನುಭವವೂ ಇರಬೇಕು. ಇಂದು ಸಂಘ ಕಟ್ಟಿ ನಾಳೆ ಕೇಳುವ ಹಾಗಿಲ್ಲ.

ಆದ್ದರಿಂದ ಪಾಣೆಮಂಗಳೂರಿನ ಸುತ್ತಿನ ಯಾವ ಶಾಲೆಯೇ ಆಗಲಿ, ಇವತ್ತೇ ಶುರು ಮಾಡಬಹುದಾದ ಕೆಲಸ ಒಂದು ಕಡತ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸಭೆಯ ನಿರ್ಣಯ, ಈಗಿರುವ ಕಟ್ಟಡದ ಫೋಟೊ, ಮೂರು ಕೊಟೇಶನ್, ಅಂದಾಜುಪಟ್ಟಿ, ಲೆಕ್ಕಪರಿಶೋಧನೆಯಾದ ಜಮಾ-ಖರ್ಚು ಅದರೊಳಗಿರಲಿ. ‘ಶಾಲೆಯ ಅಭಿವೃದ್ಧಿಗಾಗಿ’ ಎಂದು ಬರೆದ ಮನವಿ ಮೇಜಿನ ಮೇಲೆ ಉಳಿಯುತ್ತದೆ. ‘ಹೆಣ್ಣುಮಕ್ಕಳ ಶೌಚಾಲಯಕ್ಕೆ ಇಷ್ಟು, ಊರವರ ಶ್ರಮದಾನ ಮತ್ತು ದೇಣಿಗೆ ಇಷ್ಟು, ಉಳಿದದ್ದು ತಮ್ಮಿಂದ’ ಎಂದು ಬರೆದರೆ ಓದುವವರಿಗೆ ಉತ್ತರ ಕೊಡಲೇಬೇಕೆನಿಸುತ್ತದೆ. ಹಣ ಬಂದ ಮೇಲೆ ಬಳಕೆ ಪ್ರಮಾಣಪತ್ರ ಹೊತ್ತಿಗೆ ತಲುಪಿದರೆ ಮುಂದಿನ ಮನವಿಗೆ ಅದೇ ಶಿಫಾರಸು.

ಕಂಪನಿಗಳ ವರ್ಷ ಏಪ್ರಿಲ್‌ಗೆ ಆರಂಭ. ಸಿಎಸ್‌ಆರ್ ಸಮಿತಿ ಆ ವರ್ಷದ ಕ್ರಿಯಾಯೋಜನೆ ಸಿದ್ಧಪಡಿಸುವಾಗ ಮನವಿ ಅದರ ಮುಂದಿರಬೇಕು. ಜೂನ್‌ನಲ್ಲಿ ಮಳೆ ಹಿಡಿದು ತರಗತಿಯೊಳಗೆ ನೀರು ಇಳಿದಾಗ ಬರೆಯುವ ಪತ್ರವನ್ನು ಮಾಡು ಒಣಗಿರುವ ಜನವರಿಯಲ್ಲೇ, ವಾರ್ಷಿಕೋತ್ಸವಕ್ಕೆ ಹಳೆ ವಿದ್ಯಾರ್ಥಿಗಳು ಊರಿಗೆ ಬಂದಿರುವಾಗಲೇ ಬರೆದು, ಅವರ ಹೆಸರಿನ ಮೊದಲ ರಸೀದಿ ಹರಿದು ಕಡತಕ್ಕೆ ಸೇರಿಸಬಹುದು.