ಗೊಂಬೆಗಳ ಕೊಳ

ಭಾದ್ರಪದದ ಮೋಡಗಳು ತೆಳುವಾಗಿ, ಬೆಳಗಿನ ಬಿಸಿಲು ಹೊಂಬಣ್ಣಕ್ಕೆ ತಿರುಗಿತೆಂದರೆ, ಪುಟ್ಟ ಮಕ್ಕಳಿರುವ ಮನೆಯವರು ಶರದೃತು ಬಂದಿತೆಂಬುದನ್ನು ಪಂಚಾಂಗ ನೋಡಿ ತಿಳಿಯಬೇಕಾದುದಿಲ್ಲ. ಅಟ್ಟದ ಮೇಲಿನ ಗೊಂಬೆಯ ಪೆಟ್ಟಿಗೆ ಯಾವಾಗ ಇಳಿಯುವುದೆಂದು ಮಕ್ಕಳು ದಿನಕ್ಕೆ ಹತ್ತು ಸಲ ಕೇಳತೊಡಗುತ್ತಾರೆ. ಆಶ್ವಯುಜ, ಕಾರ್ತಿಕ ಈ ಎರಡೂ ಹಬ್ಬದ ಮಾಸಗಳು. ಶಾಲೆಗೆ ರಜ, ಮನೆಗೆ ನೆಂಟರು, ಸಂಜೆಯಾದರೆ ಆರತಿ, ಉಸಲಿ, ನೆರೆಮನೆಯ ಮಕ್ಕಳ ಕಲರವ. ಗೃಹಿಣಿಗೆ ಕೈತುಂಬ ಕೆಲಸವಿದ್ದರೂ ಅದರಲ್ಲಿ ಬೇಸರವೆಂಬುದಿಲ್ಲ.

ಆದರೆ ಇದೇ ಕಾಲದಲ್ಲಿ ಮಳೆಯು ಪೂರ್ತಿಯಾಗಿ ಹೊರಟುಹೋಗಿರುವುದಿಲ್ಲ. ನೈಋತ್ಯ ಮಾರುತವು ಹಿಂದೆಗೆದು ಈಶಾನ್ಯ ಮಾರುತವು ಮೊದಲಾಗುವ ಸಂಧಿಕಾಲವಿದು. ಒಂದು ಸಂಜೆ ಜೋರಾಗಿ ಸುರಿದು, ಮೂರು ದಿನ ಬಿಸಿಲು ಕಾದು, ಮತ್ತೊಂದು ಸಂಜೆ ಸುರಿಯುತ್ತದೆ. ಹಿತ್ತಿಲಿನ ಚಿಪ್ಪು, ಕುಂಡ, ಹಳೆಯ ಬಕೀಟುಗಳಲ್ಲಿ ನಿಂತ ತಿಳಿನೀರು ಯಾರ ಕಣ್ಣಿಗೂ ಬೀಳದೆ ಉಳಿದಿರುತ್ತದೆ. ನಮ್ಮೆಲ್ಲರ ಕಣ್ಣು ಹಬ್ಬದ ಮೇಲೆಯೇ ಇರುತ್ತದಷ್ಟೆ! ಇತರರಿಗೆ ಬುದ್ಧಿ ಹೇಳುವ ಅಧಿಕಾರ ನಮಗಿಲ್ಲ. 2024ನೆಯ ಇಸವಿಯ ನವರಾತ್ರಿಯಲ್ಲಿ ನಮ್ಮ ಮನೆಯಲ್ಲಿ ನಡೆದುದನ್ನು ಇದ್ದಂತೆ ಬರೆಯುತ್ತೇವೆ. ಅದರಿಂದ ಒಂದು ಮನೆಗಾದರೂ ಉಪಯೋಗವಾದರೆ ನಾವು ಪಟ್ಟ ಪಾಡು ವ್ಯರ್ಥವಾಗಲಿಲ್ಲವೆಂದು ತಿಳಿಯುತ್ತೇವೆ.

ನಮ್ಮದು ಮೈಸೂರು. ಈ ಸೀಮೆಯಲ್ಲಿ ಪಾಡ್ಯದ ದಿನ ಪಟ್ಟದ ಗೊಂಬೆಗಳನ್ನು ಕೂರಿಸುವುದು ವಾಡಿಕೆ. ನಮ್ಮ ಮನೆಯ ರಾಜರಾಣಿಯರು ಅಜ್ಜಿಯ ಮದುವೆಯಲ್ಲಿ ಅವರ ತವರಿನಿಂದ ಬಂದವರು. ವರ್ಷ ವರ್ಷವೂ ಅವರಿಗೆ ಹೊಸ ಜರಿಯ ಉಡುಪು ಹೊಲಿಯುವುದು ಅಜ್ಜಿಯ ಕೆಲಸ. ಕೆಳಗಿನ ಹಂತಗಳಲ್ಲಿ ದಶಾವತಾರ, ಮದುವೆಯ ದಿಬ್ಬಣ, ಸಂತೆ, ಚನ್ನಪಟ್ಟಣದ ಅರಗಿನ ಬಣ್ಣದ ಆಟಿಗೆಗಳು. ಎಲ್ಲಕ್ಕಿಂತ ಕೆಳಗೆ, ನೆಲದ ಮೇಲೆ, ಮಕ್ಕಳ ಸ್ವಂತ ರಾಜ್ಯ. ಮಣ್ಣು ಹರಡಿ ರಾಗಿ ಚೆಲ್ಲಿ ಪೈರು ಬೆಳೆಸುವುದು, ಬೆಂಕಿಕಡ್ಡಿಯ ಬೇಲಿ ಕಟ್ಟುವುದು, ನಡುವೆ ಒಂದು ಕೊಳ ಮಾಡುವುದು ಇವೆಲ್ಲ ಅವರದೇ. ಆ ವರ್ಷ ನಮ್ಮ ಏಳು ವರ್ಷದ ಮಗಳು ಮಹಾಲಯ ಅಮಾವಾಸ್ಯೆಗೆ ನಾಲ್ಕು ದಿನ ಮುಂಚೆಯೇ ರಾಗಿ ಚೆಲ್ಲಿ, ಅಗಲವಾದ ಮಣ್ಣಿನ ಬೋಗುಣಿಯಲ್ಲಿ ನೀರು ತುಂಬಿ, ಅದರಲ್ಲಿ ಮರದ ಬಾತುಕೋಳಿಗಳನ್ನು ತೇಲಿಬಿಟ್ಟಳು. ನಾಲ್ಕು ವರ್ಷದ ತಮ್ಮನು ಅವಳ ಆಳು. ನೀರು ಕಡಿಮೆಯಾದಾಗಲೆಲ್ಲ ಅವನು ಲೋಟದಲ್ಲಿ ತಂದು ಸುರಿಯುವನು. ಇದ್ದ ನೀರನ್ನು ಚೆಲ್ಲಿ ಹೊಸದನ್ನು ಹಾಕಬೇಕೆಂದು ಅವರಿಗೆ ನಾವು ಹೇಳಲಿಲ್ಲ, ನಮಗೂ ತೋಚಲಿಲ್ಲ.

ಸರಸ್ವತಿಯ ಪೂಜೆಯ ದಿನ ಪುಸ್ತಕಗಳನ್ನೆಲ್ಲ ಪೂಜೆಗಿಟ್ಟ ಮೇಲೆ, ಓದುವ ಕಾಟ ತಪ್ಪಿದ ಸಂಭ್ರಮದಲ್ಲಿ ಮಗಳು ಗೊಂಬೆಗಳ ಮುಂದೆ ಬೋರಲಾಗಿ ಮಲಗಿದ್ದವಳು ಒಮ್ಮೆಲೆ ಕೂಗಿಕೊಂಡಳು:

“ಅಜ್ಜಿ, ಬನ್ನಿ, ಬನ್ನಿ! ನಮ್ಮ ಕೊಳದಲ್ಲಿ ಮೀನು ಮರಿ ಹಾಕಿದೆ!”

ನಾವೆಲ್ಲರೂ ಹೋಗಿ ನೋಡಿದೆವು. ಕೂದಲೆಳೆಯಷ್ಟು ಸಣ್ಣ ಹುಳುಗಳು ತಲೆಕೆಳಗಾಗಿ ತೂಗುತ್ತ, ನೆರಳು ಬಿದ್ದೊಡನೆ ಡೊಂಕು ಡೊಂಕಾಗಿ ಕುಣಿಯುತ್ತ ಕೆಳಗಿಳಿಯುತ್ತಿದ್ದವು. ಅವು ಮೀನಲ್ಲ, ಸೊಳ್ಳೆಯ ಮರಿಗಳೆಂದು ನಮಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಮಗುವಿನ ಸಂತೋಷವನ್ನು ಕೆಡಿಸಲು ಮನಸ್ಸು ಬಾರದೆ ನಕ್ಕು ಸುಮ್ಮನಾದೆವು. ಆ ಸಂಜೆ ಅರಿಸಿನ ಕುಂಕುಮಕ್ಕೆ ಬರುವವರು ಬಹಳ ಮಂದಿ ಇದ್ದರು. ನಾಳೆ ಚೆಲ್ಲಿದರಾಯಿತು ಎಂದುಕೊಂಡೆವು. ಆ ನಾಳೆಯು ಬರಲೇ ಇಲ್ಲ.

ಅಕ್ಟೋಬರ್ 12, ವಿಜಯದಶಮಿ. ಜಂಬೂಸವಾರಿಯನ್ನು ಕಂಡು, ಬನ್ನಿಯ ಎಲೆ ಹಂಚಿ ಬರುವಷ್ಟರಲ್ಲಿ ಮಗನ ಮೈ ಸುಡುತ್ತಿತ್ತು. ಜನಸಂದಣಿಯ ಆಯಾಸವೆಂದು ಒಂದು ರಾತ್ರಿ ಕಳೆದೆವು. ಮರುದಿನ 103 ಡಿಗ್ರಿ. ಕಣ್ಣುಗುಡ್ಡೆ ನೋಯುತ್ತದೆಂದು ಅಳು. ಮೂರನೆಯ ದಿನ ಡಾಕ್ಟರು ರಕ್ತವನ್ನು ಪರೀಕ್ಷೆಗೆ ಕಳುಹಿಸಿ, ಡೆಂಗಿ ಜ್ವರವೆಂದು ಹೇಳಿದರು. ಗಾಬರಿಪಡಬೇಕಾದುದಿಲ್ಲವೆಂದೂ, ಹೆಚ್ಚಿನ ಮಕ್ಕಳು ಮನೆಯ ಆರೈಕೆಯಲ್ಲಿಯೇ ಗುಣಹೊಂದುವರೆಂದೂ ಧೈರ್ಯ ಕೊಟ್ಟರು. ಮಗುವಿನ ತೂಕ ನೋಡಿ ಪ್ಯಾರಸಿಟಮಾಲಿನ ಪ್ರಮಾಣವನ್ನು ಬರೆದುಕೊಟ್ಟರು. ಆಸ್ಪಿರಿನ್, ಐಬುಪ್ರೊಫೆನ್ ಮೊದಲಾದ ಮಾತ್ರೆಗಳನ್ನು ಈ ಜ್ವರದಲ್ಲಿ ಕೊಡಕೂಡದು, ಅವುಗಳಿಂದ ರಕ್ತಸ್ರಾವದ ಭಯ ಹೆಚ್ಚುತ್ತದೆ ಎಂದರು. ಗಂಜಿ, ಎಳನೀರು, ಉಪ್ಪುಸಕ್ಕರೆಯ ಓ.ಆರ್.ಎಸ್. ಪಾನಕ ಇವನ್ನು ಗುಟುಕು ಗುಟುಕಾಗಿ ದಿನವಿಡೀ ಕುಡಿಸಬೇಕೆಂದು ತಿಳಿಸಿದರು. ಕೊನೆಗೆ ಒಂದು ಕಾಗದದ ಮೇಲೆ ಅಪಾಯದ ಗುರುತುಗಳನ್ನು ಬರೆದು ಕೈಯಲ್ಲಿಟ್ಟು, “ಜ್ವರ ಇರುವಾಗಿನದಕ್ಕಿಂತ ಜ್ವರ ಬಿಟ್ಟ ಮೇಲಿನ ಎರಡು ದಿನ ಹೆಚ್ಚು ಎಚ್ಚರವಾಗಿರಿ. ಎಲ್ಲರೂ ಮೋಸಹೋಗುವುದು ಅಲ್ಲಿಯೇ” ಎಂದರು.

ಈ ಮಾತನ್ನು ನಾವು ಕೇಳಿದೆವು, ಮನಸ್ಸಿಗೆ ತಂದುಕೊಳ್ಳಲಿಲ್ಲ. ಅಜ್ಜಿ ಮಾತ್ರ ಆ ಕಾಗದವನ್ನು ದೇವರ ಗೂಡಿನ ಪಕ್ಕದ ಮೊಳೆಗೆ ಸಿಕ್ಕಿಸಿದರು.

ಐದನೆಯ ದಿನ ಬೆಳಗ್ಗೆ ಜ್ವರ ಇಳಿಯಿತು. ಮನೆಯಲ್ಲಿ ಎಲ್ಲರಿಗೂ ಹೋದ ಉಸಿರು ಬಂದಂತಾಯಿತು. ಜ್ವರದ ಗಲಾಟೆಯಲ್ಲಿ ಗೊಂಬೆಗಳು ಇನ್ನೂ ಹಂತಗಳ ಮೇಲೆಯೇ ಇದ್ದವು. ಮಗು ನಿದ್ದೆ ಮಾಡುತ್ತಿದ್ದಾನೆ, ಇದೇ ಸಮಯವೆಂದು ನಾವು ಅವುಗಳನ್ನು ಒಂದೊಂದಾಗಿ ಹಳೆಯ ಸೀರೆಯ ಚೂರುಗಳಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದೆವು. ಅಜ್ಜಿ ಬೆಲ್ಲದ ಚೂರೊಂದನ್ನು ಹಿಡಿದು ಮೊಮ್ಮಗನನ್ನು ಎಬ್ಬಿಸಲು ಹೋದರು. ಅವನು ಬೆಲ್ಲದ ಕಡೆಗೆ ಮುಖವನ್ನೇ ತಿರುಗಿಸಲಿಲ್ಲ. ಅಜ್ಜಿ ಅವನ ಅಂಗೈ ಮುಟ್ಟಿ ನೋಡಿದರು. ಪಾದ ಮುಟ್ಟಿ ನೋಡಿದರು. ಎದ್ದು ಬಂದು ಬಾಗಿಲಲ್ಲಿ ನಿಂತು ಹೇಳಿದರು:

“ಗೊಂಬೆ ಅಲ್ಲಿಯೇ ಬಿಡಿ. ಮಗುವಿನ ಕೈಕಾಲು ತಣ್ಣಗಿದೆ. ಹೊಟ್ಟೆ ನೋವು ಎನ್ನುತ್ತಾನೆ. ಬೆಳಗಿನಿಂದ ಒಂದು ಸಲವೂ ಮೂತ್ರ ಮಾಡಿಲ್ಲ. ಕಾಗದದಲ್ಲಿ ಬರೆದಿರುವುದು ಇದೇ ಅಲ್ಲವೆ?”

ಆಗ ಹಗಲು ಹನ್ನೊಂದು ಗಂಟೆ. ಅರ್ಧ ಗಂಟೆಯೊಳಗೆ ಆಸ್ಪತ್ರೆಯಲ್ಲಿದ್ದೆವು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿಗೆ ಕೆಲವರಿಗೆ ಸೂಕ್ಷ್ಮವಾದ ರಕ್ತನಾಳಗಳಿಂದ ನೀರಿನಂಶವು ಹೊರಕ್ಕೆ ಸೋರತೊಡಗುತ್ತದೆಂದೂ, ಅದರಿಂದ ನಾಡಿಯ ಬಲ ಕುಗ್ಗುವುದೆಂದೂ, ಈ ಸ್ಥಿತಿಯು ಒಂದೆರಡು ದಿನವಿದ್ದು ತಾನಾಗಿ ಸರಿಹೋಗುವುದೆಂದೂ, ಆ ಅವಧಿಯಲ್ಲಿ ರಕ್ತನಾಳದ ಮೂಲಕ ಸಲೈನನ್ನು ಅಳೆದು ಕೊಡುತ್ತ ಮಗುವನ್ನು ದಾಟಿಸಬೇಕೆಂದೂ ಅಲ್ಲಿನವರು ವಿವರಿಸಿದರು. ಎರಡು ರಾತ್ರಿ ನಾವು ಆ ಸಣ್ಣ ಕೈಯನ್ನು ಹಿಡಿದು ಕುಳಿತಿದ್ದೆವು. ಮೂರನೆಯ ಬೆಳಗ್ಗೆ ಮಗನು ಕಣ್ಣು ಬಿಟ್ಟು, “ನನ್ನ ಬಾತುಕೋಳಿ ಎಲ್ಲಿ?” ಎಂದು ಕೇಳಿದನು. ಆ ಮಾತಿಗಿಂತ ಇಂಪಾದುದನ್ನು ನಾವು ಆ ನವರಾತ್ರಿಯಲ್ಲಿ ಕೇಳಿರಲಿಲ್ಲ.

ಮಗನು ಮನೆಗೆ ಬಂದ ಮೇಲೆ ಮಗಳು ಮೂಲೆಯಲ್ಲಿ ಕುಳಿತು ಅಳುತ್ತಿದ್ದಳು. ತನ್ನ ಕೊಳದ ‘ಮೀನು’ಗಳೇ ತಮ್ಮನಿಗೆ ಜ್ವರ ತಂದವೆಂದು ಯಾರೋ ಅವಳಿಗೆ ಹೇಳಿದ್ದರು. ಇದನ್ನು ಡಾಕ್ಟರ ಮುಂದೆ ಪ್ರಸ್ತಾಪಿಸಿದಾಗ ಅವರು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹೇಳಿಕೊಟ್ಟರು. ಈಡಿಸ್ ಎಂಬ ಜಾತಿಯ ಹೆಣ್ಣು ಸೊಳ್ಳೆಯು ರೋಗಿಯನ್ನು ಕಚ್ಚಿದ ಬಳಿಕ ರೋಗಾಣು ಅದರ ಮೈಯಲ್ಲಿ ಬಲಿಯುವುದಕ್ಕೆ ಎಂಟು ಹತ್ತು ದಿನ ಬೇಕು. ಅದು ಕಚ್ಚಿದ ಬಳಿಕ ಜ್ವರ ಕಾಣಿಸಿಕೊಳ್ಳಲು ಮತ್ತೆ ನಾಲ್ಕರಿಂದ ಹತ್ತು ದಿನ ಬೇಕು. ಸರಸ್ವತಿಯ ಪೂಜೆಯಂದು ಇನ್ನೂ ಮರಿಯಾಗಿದ್ದವು ದಶಮಿಯಂದು ಜ್ವರ ತರಲಾರವು. “ನಿನ್ನ ಕೊಳದ್ದಲ್ಲಮ್ಮ, ಅದಕ್ಕೂ ಹಿಂದಿನ ಯಾವುದೋ ಕೊಳದ್ದು. ಮನೆಯ ಸುತ್ತ ಹುಡುಕು” ಎಂದರು.

ಹುಡುಕಿದೆವು. ಬಚ್ಚಲಮನೆಯ ಹಿಂದೆ ಬಳಸದೆ ಬಿದ್ದಿದ್ದ ತಾಂಡೆ ಒಂದು. ಹೂಕುಂಡಗಳ ಕೆಳಗಿಟ್ಟ ತಟ್ಟೆಗಳು ನಾಲ್ಕು. ಗಣಪತಿಯ ಹಬ್ಬದಂದು ಒಡೆದ ತೆಂಗಿನಕಾಯಿಯ ಚಿಪ್ಪುಗಳು. ತಾರಸಿಯ ಮೇಲೆ ಮುಚ್ಚಳ ಸರಿದ ನೀರಿನ ತೊಟ್ಟಿ. ಪ್ರತಿಯೊಂದರಲ್ಲಿಯೂ ಮಗಳ ‘ಮೀನುಮರಿ’ಗಳು ಕುಣಿಯುತ್ತಿದ್ದವು. ಗೊಂಬೆಗಳ ಕೊಳವಾದರೋ ಎಲ್ಲರ ಎದುರಿಗಿತ್ತು. ಈ ಕೊಳಗಳನ್ನು ತೋಡಿದವರು ದೊಡ್ಡವರಾದ ನಾವು.

ಈ ಸೊಳ್ಳೆಯ ಗುಣವನ್ನು ಗೃಹಸ್ಥರೆಲ್ಲರೂ ತಿಳಿದಿರುವುದು ಅವಶ್ಯ. ಇದು ಚರಂಡಿಯ ಕೊಳಕು ನೀರನ್ನು ಬಯಸುವುದಲ್ಲ. ಮನೆಯ ಒಳಹೊರಗೆ ನಿಂತ ತಿಳಿನೀರೇ ಇದಕ್ಕೆ ಪ್ರಿಯ. ರಾತ್ರಿಯಲ್ಲಿ ಅಲ್ಲ, ಹಗಲಿನಲ್ಲಿ, ಅದರಲ್ಲಿಯೂ ಬೆಳಗ್ಗೆ ಮತ್ತು ಸಂಜೆಗೆ ಮುಂಚೆ ಹೆಚ್ಚಾಗಿ ಕಚ್ಚುತ್ತದೆ. ಆದುದರಿಂದ ಹಗಲು ನಿದ್ದೆ ಮಾಡುವ ಮಗುವಿಗೂ ಸೊಳ್ಳೆಪರದೆ ಬೇಕು. ಆಟಕ್ಕೆ ಹೊರಡುವ ಮಗುವಿಗೆ ತುಂಬು ತೋಳಿನ ಉಡುಪು ಬೇಕು. ಬೆಚ್ಚನೆಯ ದಿನಗಳಲ್ಲಿ ಮೊಟ್ಟೆಯಿಂದ ರೆಕ್ಕೆಯ ಸೊಳ್ಳೆಯಾಗುವುದಕ್ಕೆ ಇದಕ್ಕೆ ಏಳರಿಂದ ಹತ್ತು ದಿನ ಸಾಕು. ನಮ್ಮ ನವರಾತ್ರಿಯ ಅವಧಿಯೂ ಅಷ್ಟೇ ಎಂಬುದನ್ನು ನೆನೆದರೆ ಮೈ ಝುಮ್ಮೆನ್ನುತ್ತದೆ. ಇದು ಮೊಟ್ಟೆಯಿಡುವುದು ನೀರಿನ ಮಟ್ಟಕ್ಕೆ ತುಸು ಮೇಲೆ, ಪಾತ್ರೆಯ ಒಳಮೈಗೆ. ಆ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತಾಗಿದೊಡನೆ ಒಡೆಯುತ್ತವೆ. ಆದುದರಿಂದ ನೀರನ್ನು ಚೆಲ್ಲಿದರೆ ಸಾಲದು. ಪಾತ್ರೆಯ ಒಳಮೈಯನ್ನು ನಾರಿನಿಂದ ಉಜ್ಜಿ ತೊಳೆಯಬೇಕು. ವಾರಕ್ಕೊಮ್ಮೆ ತಪ್ಪದೆ ಹೀಗೆ ಮಾಡುವ ಮನೆಯಲ್ಲಿ ಇದರ ಸಂತಾನ ಬೆಳೆಯಲಾರದು. ಅದೇ 2024ರಲ್ಲಿ ಕರ್ನಾಟಕ ಸರಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೆ ದಂಡವನ್ನು ವಿಧಿಸಿತು. ಆದರೆ ನಮ್ಮ ಮನೆ ತೆರಬೇಕಾಗಿ ಬಂದಿದ್ದ ದಂಡದ ಮುಂದೆ ಅದು ಯಾವ ಲೆಕ್ಕದ್ದು?

ಅಜ್ಜಿ ಮೊಳೆಗೆ ಸಿಕ್ಕಿಸಿದ್ದ ಕಾಗದದಲ್ಲಿದ್ದುದನ್ನು ವಾಚಕರ ಉಪಯೋಗಕ್ಕಾಗಿ ಇಲ್ಲಿ ಕೊಡುತ್ತೇವೆ. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತ, ವಾಂತಿಯಲ್ಲಿ ರಕ್ತ ಇಲ್ಲವೆ ಕಪ್ಪಾದ ಮಲ, ಏದುಸಿರು, ಕೈಕಾಲು ತಣ್ಣಗಾಗುವುದು, ಎಚ್ಚರವಿದ್ದೂ ಮಂಕಾಗಿರುವುದು ಅಥವಾ ಕಾರಣವಿಲ್ಲದ ಚಡಪಡಿಕೆ, ಆರು ಗಂಟೆಗಳ ಕಾಲ ಮೂತ್ರವಾಗದಿರುವುದು. ಇವುಗಳಲ್ಲಿ ಒಂದು ಕಂಡರೂ, ಜ್ವರವಿರಲಿ ಬಿಟ್ಟಿರಲಿ, ರಾತ್ರಿಯಾಗಲಿ ಹಬ್ಬವಾಗಲಿ, ಮಗುವನ್ನು ಕೂಡಲೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಆ ವರ್ಷದ ದೀಪಾವಳಿಯ ನೀರು ತುಂಬುವ ಹಬ್ಬದಂದು ಅಜ್ಜಿ ಮಕ್ಕಳಿಬ್ಬರನ್ನೂ ಬಚ್ಚಲಮನೆಗೆ ಕರೆದರು. ಹಂಡೆಯನ್ನು ಹುಣಸೆಹಣ್ಣು ಹಾಕಿ ಫಳಫಳಿಸುವಂತೆ ಉಜ್ಜಿಸಿ, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿಸಿ, ಹೊಸ ನೀರು ತುಂಬಿಸಿದರು. “ನಮ್ಮ ಹಿರಿಯರು ಈ ಹಬ್ಬವನ್ನು ಮಾಡಿದ್ದು ವರ್ಷಕ್ಕೊಂದು ಸಲ. ನಮ್ಮ ಮನೆಯಲ್ಲಿ ಇನ್ನು ಮೇಲೆ ಪ್ರತಿ ಭಾನುವಾರವೂ ನೀರು ತುಂಬುವ ಹಬ್ಬ” ಎಂದರು. ಅಂದಿನಿಂದ ಭಾನುವಾರ ಬೆಳಗ್ಗೆ ಮಗಳ ಕೈಯಲ್ಲಿ ನಾರು, ಮಗನ ಕೈಯಲ್ಲಿ ಲೋಟ. ಕುಂಡದ ತಟ್ಟೆಯಿಂದ ಮೊದಲುಮಾಡಿ ಹಿತ್ತಿಲಿನವರೆಗೆ ಅವರ ಸವಾರಿ ಹೊರಡುತ್ತದೆ. ತಾರಸಿಯ ತೊಟ್ಟಿ ಮಾತ್ರ ನಮ್ಮ ಪಾಲಿನ ಕೆಲಸ.

2025ರ ನವರಾತ್ರಿಯಲ್ಲಿ ಕೊಳವೇ ಬೇಡ, ಕನ್ನಡಿಯೊಂದನ್ನು ಇಟ್ಟುಬಿಡೋಣವೆಂದು ನಾವು ಹೇಳಿದೆವು. ಮಗಳು ಒಪ್ಪಲಿಲ್ಲ. ನೀರಿಲ್ಲದ ಊರಿನಲ್ಲಿ ಗೊಂಬೆಗಳು ಹೇಗೆ ಬಾಳುವುವೆಂದು ಕೇಳಿದಳು. ಅಜ್ಜಿಯೂ ಅವಳ ಪಕ್ಷವನ್ನೇ ಹಿಡಿದರು. ಅಂತೂ ಕೊಳವು ಉಳಿಯಿತು. ದಿನವೂ ಸಂಜೆ ಆರತಿಯಾದ ಮೇಲೆ ಅಕ್ಕ ತಮ್ಮಂದಿರು ಬೋಗುಣಿಯನ್ನು ಹೊತ್ತು ಅಂಗಳಕ್ಕೆ ಹೋಗಿ, ನೀರನ್ನು ಮಣ್ಣಿಗೆ ಚೆಲ್ಲಿ, ಉಜ್ಜಿ, ಬೋರಲು ಹಾಕಿ ಬರುತ್ತಿದ್ದರು. ಬೆಳಗ್ಗೆ ಹೊಸ ನೀರಿನಲ್ಲಿ ಬಾತುಕೋಳಿಗಳು ಮತ್ತೆ ತೇಲುತ್ತಿದ್ದವು. ದಶಮಿಯ ರಾತ್ರಿ ಪಟ್ಟದ ರಾಜರಾಣಿಯರನ್ನು ಮಲಗಿಸಿ ಆರತಿ ಎತ್ತುವಾಗ ಮಗನು ನಿದ್ದೆಗಣ್ಣಿನಲ್ಲಿ ಅಜ್ಜಿಯ ತೊಡೆಯ ಮೇಲೆ ಒರಗಿದ್ದನು. ಅಜ್ಜಿಯ ಕೈ ತಾನಾಗಿಯೇ ಅವನ ಪಾದವನ್ನು ಮುಟ್ಟಿ ನೋಡಿತು, ಅದು ಬೆಚ್ಚಗಿತ್ತು.