ಉಗುರು ಬರೆದಿಡುವ ದಿನಚರಿ

ಕತ್ತರಿಸಿದರೆ ನೋಯದ ಉಗುರನ್ನು ನಾವು ನಿರ್ಜೀವವೆಂದು ಕಡೆಗಣಿಸುತ್ತೇವೆ. ಆದರೆ ಚರ್ಮದೊಳಗೆ ಅಡಗಿರುವ ಅದರ ಬುಡ ಸದಾ ಜೀವಂತವಾಗಿರುತ್ತದೆ. ರಕ್ತವು ತಂದುಕೊಡುವ ಆಹಾರದಿಂದ ಅಲ್ಲಿ ಹೊಸ ಉಗುರು ಹುಟ್ಟಿ ಮುಂದಕ್ಕೆ ಸರಿಯುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿ ಮುಟ್ಟಲು ಅದಕ್ಕೆ ಸುಮಾರು ಆರು ತಿಂಗಳು ಬೇಕು. ಆದುದರಿಂದ ಕಳೆದ ಆರು ತಿಂಗಳ ದೇಹಸ್ಥಿತಿಯ ಕುರುಹು ಅದರ ಮೇಲೆ ಉಳಿದಿರಬಹುದು.

ತೀವ್ರ ಜ್ವರ ಬಂದಾಗ ಉಗುರಿನ ಬೆಳವಣಿಗೆ ಕೆಲಕಾಲ ತಡೆಯುತ್ತದೆ. ಕೆಲವು ವಾರಗಳ ಬಳಿಕ ಅಲ್ಲಿ ಅಡ್ಡಲಾದ ತಗ್ಗುಗೆರೆಯೊಂದು ಕಾಣುತ್ತದೆ. ಫ್ರಾನ್ಸಿನ ವೈದ್ಯ ಬೋ ಎಂಬವರು 1846ರಲ್ಲಿ ಇದನ್ನು ವಿವರಿಸಿದರು. ಬೆರಳ ತುದಿ ಉಬ್ಬಿ ಉಗುರು ದುಂಡಾಗಿ ಬಾಗುವುದನ್ನು ಗ್ರೀಸಿನ ಹಿಪೊಕ್ರಟೀಸ್ ಸುಮಾರು 2,400 ವರ್ಷಗಳ ಹಿಂದೆಯೇ ಗುರುತಿಸಿದ್ದನು. ಶ್ವಾಸಕೋಶ ಅಥವಾ ಹೃದಯದ ದೀರ್ಘರೋಗ ಅದಕ್ಕೆ ಕಾರಣವಾಗಿರಬಹುದು.

ಆದರೆ ದುಡಿಮೆಯ ಗುರುತು ಯಾವುದು, ರೋಗದ ಗುರುತು ಯಾವುದು ಎಂಬ ವಿವೇಚನೆ ಅಗತ್ಯ. ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಯು ಮಗ್ಗಗಳ ಊರು. ಜಮಖಂಡಿ, ಮುಧೋಳ, ಬೀಳಗಿಗಳು ಕಬ್ಬಿನ ಸೀಮೆ. ನೂಲಿಗೆ ಬಣ್ಣ ಹಾಕುವವರ ಉಗುರಿಗೆ ಹತ್ತಿದ ಬಣ್ಣ ರೋಗವಲ್ಲ. ಉಗುರು ಬೆಳೆದಂತೆ ಅದು ಮರೆಯಾಗುತ್ತದೆ. ಸದಾ ನೀರಿನಲ್ಲಿ ತೋಯುವ ಕೈಗೆ ಉಗುರುಸುತ್ತು ಬರಬಹುದು. ಉಗುರು ಹಳದಿಗಟ್ಟಿ, ದಪ್ಪವಾಗಿ, ಪುಡಿಯಾಗತೊಡಗಿದರೆ ಅದು ಶಿಲೀಂಧ್ರದ ಸೋಂಕಾಗಿರಬಹುದು. ಇವೆರಡಕ್ಕೂ ಚಿಕಿತ್ಸೆಯುಂಟು.

ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕಾದುದು ರಕ್ತಹೀನತೆಯನ್ನು. ನಮ್ಮ ದೇಶದ ಮಹಿಳೆಯರಲ್ಲಿಯೂ ಹದಿಹರೆಯದ ಹುಡುಗಿಯರಲ್ಲಿಯೂ ಇದು ಬಹಳ. ರಕ್ತ ಕಡಮೆಯಾದಾಗ ಉಗುರಿನಡಿಯ ನಸುಗೆಂಪು ಮಾಸಿ ಬಿಳಿಚಿಕೊಳ್ಳುತ್ತದೆ. ಕಬ್ಬಿಣಾಂಶದ ಕೊರತೆ ಬಹುಕಾಲ ಮುಂದುವರಿದರೆ ಉಗುರು ತೆಳುವಾಗಿ, ನೀರಿನ ಹನಿ ನಿಲ್ಲುವಷ್ಟು ಚಮಚದಂತೆ ತಗ್ಗಾಗುತ್ತದೆ. ಹೊಲದಲ್ಲಿ ಕಳೆ ಕೀಳುವ, ಮನೆಯಲ್ಲಿ ಕಂಡಿಕೆ ಸುತ್ತುವ ತಾಯಿ ತನ್ನ ಆಯಾಸವನ್ನು ಕೆಲಸದ ದಣಿವೆಂದೇ ಭಾವಿಸಿ ಸುಮ್ಮನಾಗುವುದುಂಟು. ಆಕೆಯ ಬಿಳಿಚಿದ ಉಗುರನ್ನು ಮನೆಯ ಮಕ್ಕಳಾದರೂ ಗುರುತಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಷ್ಟು ಕಾಲ ಕಬ್ಬಿಣಾಂಶದ ಮಾತ್ರೆ ಸೇವಿಸಬೇಕು. ಸಜ್ಜೆಯ ರೊಟ್ಟಿ, ಕಾಳುಪಲ್ಯ, ಸೊಪ್ಪುಗಳು ಹಿತಕರ. ಊಟದೊಡನೆ ನಿಂಬೆರಸ ಸೇರಿದರೆ ಕಬ್ಬಿಣಾಂಶ ಚೆನ್ನಾಗಿ ಮೈಗೂಡುತ್ತದೆ. ಊಟವಾದೊಡನೆ ಚಹ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ.

ಎಲ್ಲ ಗುರುತಿಗೂ ಅಂಜಬೇಕಾಗಿಲ್ಲ. ಉಗುರಿನ ಮೇಲಣ ಬಿಳಿ ಚುಕ್ಕೆಗಳು ಸಾಮಾನ್ಯವಾಗಿ ಬುಡಕ್ಕೆ ತಗುಲಿದ ಸಣ್ಣ ಪೆಟ್ಟಿನ ಫಲ. ವಯಸ್ಸಾದವರ ಉಗುರಿನ ಉದ್ದಗೆರೆಗಳು ಸಹಜವಾದವು. ಆದರೆ ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿದ ಕಪ್ಪುಗೆರೆ ದಿನದಿನಕ್ಕೆ ಅಗಲವಾಗುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಉಗುರು ಸೂಚನೆಯನ್ನು ಮಾತ್ರ ಕೊಡುತ್ತದೆ. ರೋಗವನ್ನು ನಿರ್ಣಯಿಸುವುದು ವೈದ್ಯರ ಕೆಲಸ. ಆ ಸೂಚನೆಯನ್ನು ಸಕಾಲದಲ್ಲಿ ಗ್ರಹಿಸುವ ಹೊಣೆ ನಮ್ಮದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕೆ ಎಂಬ ನಮ್ಮ ಹಿರಿಯರ ಗಾದೆ ಆರೋಗ್ಯಕ್ಕೂ ಸಲ್ಲುತ್ತದೆ.